ಕೆಂಪು ದೀಪ ಕಾಣ್ತದ, ರೇಂಜ್ ಯಾಕ ಬರವಲ್ದು?

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಮಾಂಜ್ರಾ ನದಿಗೆ ಹತ್ತಿರ ನಮ್ಮೂರು. ಇಂಜಿನಿಯರಿಂಗ್ ಓದಿದ್ದು ಭಾಲ್ಕಿಯಲ್ಲಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮೊಬೈಲ್ ಟವರ್ ನಿಲ್ಲಿಸುವ ಮೊದಲು ಅದರ ಸಿಗ್ನಲ್ ಎಲ್ಲೆಲ್ಲಿಗೆ ಮುಟ್ಟೀತು, ಎಷ್ಟು ಮಂದಿಗೆ ಸಾಕಾದೀತು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕದ ಪ್ರೋಗ್ರಾಂ ಬರೆಯುವ ತಂಡದಲ್ಲಿ ನಾನೂ ಒಬ್ಬ. ಊರಲ್ಲಿ ಇದನ್ನ ಎಷ್ಟು ಬಿಡಿಸಿ ಹೇಳಿದರೂ ಜನರ ತಲೆಯಲ್ಲಿ ಉಳಿಯೋದು ಒಂದೇ: ಇವ ಟವರ್‌ನವ. ಹಾಗಾಗಿ ದೂರುಗಳೂ ನನಗೇ ಬರುತ್ತವೆ.

ಅವುಗಳಲ್ಲಿ ನನ್ನನ್ನ ಬಹಳ ದಿನ ಕಾಡಿದ್ದು 2023ರ ಬೇಸಿಗೆಯಲ್ಲಿ ನಮ್ಮ ಕಾಕಿ ಕೇಳಿದ ಪ್ರಶ್ನೆ. "ರಾತ್ರಿ ಮಾಳಗಿ ಮ್ಯಾಲ ನಿಂತ್ರ ಟವರಿನ ಕೆಂಪು ದೀಪ ಕಣ್ಣಿಗಿ ಕಾಣ್ತದ. ಫೋನ್‌ದಾಗ ಎರಡು ಕಡ್ಡಿನೂ ಇರ್ತಾವ. ಮತ್ತ ಫೋಟೊ ಯಾಕ ಹೋಗವಲ್ದೋ ತಮ್ಮಾ?"

ಕಾಕಿ ಆಗ ಕಾಯಕ ಬಂಧು ಆಗಿದ್ದಳು. ಉದ್ಯೋಗ ಖಾತ್ರಿ ಕೆಲಸದಲ್ಲಿ ಕೂಲಿಕಾರರ ಗುಂಪನ್ನ ನೋಡಿಕೊಳ್ಳುವವರಿಗೆ ನಮ್ಮ ರಾಜ್ಯದಲ್ಲಿ ಕೊಟ್ಟ ಹೆಸರದು. ಆ ವರ್ಷ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಹಾಜರಿಯನ್ನ ಎನ್‌ಎಂಎಂಎಸ್ ಅನ್ನುವ ಆ್ಯಪ್‌ನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಫೋಟೊ ಸಮೇತ, ಅಂತ ಕಡ್ಡಾಯವಾಗಿತ್ತು. ಇವರದು ಕೆರೆ ಹೂಳೆತ್ತುವ ಕೆಲಸ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಫೋಟೊ ಏರುವ ತನಕ ಕಾಕಿಯ ಫೋನಿನಲ್ಲಿ ಒಂದು ಚಕ್ರ ಸುತ್ತುತ್ತಲೇ ಇರಬೇಕು. ಹಾಜರಿ ಏರದಿದ್ದರೆ ಅವತ್ತಿನ ಕೂಲಿ ತೂಗಾಡುತ್ತದೆ. ತೆಗೆದಿಟ್ಟುಕೊಂಡು ಆಮೇಲೆ ನೆಟ್‌ವರ್ಕ್ ಸಿಕ್ಕಲ್ಲಿ ಕಳಿಸುವ ಅನುಕೂಲ ಆ್ಯಪ್‌ನಲ್ಲಿದೆ ಅಂತ ನಾನು ಹೇಳಿದೆ. "ಅದು ಹೋಗೂ ತನಕ ನನಗ ಊಟ ಸೇರಲ್ಲ. ಮಂದಿ ಕೇಳೋದು ನನಗ, ಆ್ಯಪ್‌ಗಲ್ಲ" ಅಂದಳು.

ಮೊದಲು ದೀಪದ ವಿಚಾರ. ದೀಪದ ಬೆಳಕೂ ಮೊಬೈಲ್ ಸಿಗ್ನಲ್ಲೂ ಒಂದೇ ಜಾತಿಯ ಅಲೆಗಳು. ವ್ಯತ್ಯಾಸ ಇರುವುದು ಅಲೆಯ ಉದ್ದದಲ್ಲಿ. ಕೆಂಪು ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಚಿಕ್ಕದು. 900 ಮೆಗಾಹರ್ಟ್ಸ್ ಮೊಬೈಲ್ ಅಲೆ 33 ಸೆಂಟಿಮೀಟರ್, ಅಂದರೆ ಒಂದೂವರೆ ಗೇಣು. ಉದ್ದ ಅಲೆ ಸೂಜಿಯಂತೆ ನೆಟ್ಟಗೆ ತೂರಿ ಬರುವುದಿಲ್ಲ, ಅದಕ್ಕೆ ಸುತ್ತ ಬಯಲು ಬೇಕು. ಟವರಿಗೂ ಫೋನಿಗೂ ಆರು ಕಿಲೋಮೀಟರ್ ದೂರ ಅಂತಿಟ್ಟುಕೊಳ್ಳಿ. ನಟ್ಟನಡುವೆ ಕೆಂಪು ಬೆಳಕಿಗೆ ಬೇಕಾಗುವುದು ಗೆರೆಯ ಸುತ್ತ ಸುಮಾರು ಮೂರು ಸೆಂಟಿಮೀಟರ್ ಜಾಗ. ಮೊಬೈಲ್ ಅಲೆಗೆ ಅದೇ ಜಾಗದಲ್ಲಿ ಸುತ್ತ 22 ಮೀಟರ್ ಬೇಕು. ಈ ಜಾಗಕ್ಕೆ ಫ್ರೆನೆಲ್ ವಲಯ ಅಂತ ಹೆಸರು, 19ನೇ ಶತಮಾನದ ಫ್ರೆಂಚ್ ವಿಜ್ಞಾನಿಯದು. ಅದರ ಅರ್ಧವನ್ನ ಒಂದು ದಿನ್ನೆ ನುಂಗಿದ್ದರೂ ಕಣ್ಣಿಗೆ ದೀಪ ಕಂಡೇ ಕಾಣುತ್ತದೆ.

ನಮ್ಮೂರಿಗೂ ಆ ಟವರಿಗೂ ಹತ್ತಿರಹತ್ತಿರ ಅಷ್ಟೇ ದೂರ, ನಡುವೆ ಒಂದು ದಿನ್ನೆಯೂ ಇದೆ. ಅಮೆರಿಕದ ನಾಸಾ 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆಯಲ್ಲಿ ರೇಡಾರ್ ಇಟ್ಟು ಭೂಮಿಯ ಏರುತಗ್ಗು ಅಳೆದಿತ್ತು. ಸುಮಾರು 30 ಮೀಟರಿಗೊಂದು ಅಂಕಿಯಂತೆ ಆ ಮಾಹಿತಿ ಈಗ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಒಂದು ಭಾನುವಾರ ಕೂತು ಊರಿಂದ ಟವರಿನ ತನಕ ನೆಲದ ಗೆರೆ ಎಳೆದೆ. ಮಾಳಿಗೆಯಿಂದ ಟವರಿನ ತುದಿಗೆ ಎಳೆದ ಗೆರೆ ದಿನ್ನೆಯ ನೆತ್ತಿ ಸವರಿಕೊಂಡು ಹೋಯಿತು. ಹಾಗೆ ಸವರಿದರೇ ಬರಬೇಕಾದ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಉಳಿಯುತ್ತದೆ. ಕೆರೆಯಂಗಳದಿಂದ ಎಳೆದ ಗೆರೆಗೆ ದಿನ್ನೆ ಸುಮಾರು 11 ಮೀಟರ್ ಅಡ್ಡ ಬಂತು. ಅಲ್ಲಿಗೆ ಉಳಿಯುವುದು ಹದಿನೈದರಲ್ಲಿ ಒಂದು ಪಾಲು. (ಈ ಅಂಕಿಗಳಲ್ಲಿ ಐದಾರು ಮೀಟರ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮರ, ಕಬ್ಬು ಇದಕ್ಕೆ ಸರಿಯಾಗಿ ಕಾಣುವುದೂ ಇಲ್ಲ.) ದೀಪ ಕಾಣೋದು ಮಾಳಿಗೆಗೆ, ಕೆಲಸ ನಡೆಯೋದು ಕೆರೆಯಲ್ಲಿ.

ಆದರೂ ಕೆರೆಯಲ್ಲಿ ಎರಡು ಕಡ್ಡಿ ಇತ್ತಲ್ಲ? ಇಲ್ಲೇ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇರೋದು. ಕಡ್ಡಿ ತೋರಿಸುವುದು ಟವರಿನ ದನಿ ನಮಗೆ ಎಷ್ಟು ಕೇಳಿಸುತ್ತಿದೆ ಅನ್ನುವುದನ್ನ. ನಮ್ಮ ದನಿ ಟವರಿಗೆ ಎಷ್ಟು ಕೇಳಿಸುತ್ತಿದೆ ಅಂತ ಅದು ಹೇಳುವುದಿಲ್ಲ. ಟವರ್ 20 ವ್ಯಾಟ್, 40 ವ್ಯಾಟ್ ಹಾಕಿ ಕೂಗುತ್ತದೆ. 4ಜಿ ಫೋನು ಕೂಗಬಲ್ಲದ್ದು ಹೆಚ್ಚೆಂದರೆ 0.2 ವ್ಯಾಟ್. ಕನಿಷ್ಠ ನೂರು ಪಟ್ಟು ಅಂತರ. ಟವರಿನಲ್ಲಿ ದೊಡ್ಡ ಆಂಟೆನಾ, ಒಳ್ಳೇ ರಿಸೀವರ್ ಇಟ್ಟು ಸ್ವಲ್ಪ ಸರಿದೂಗಿಸುತ್ತಾರೆ, ಆದರೂ ದೂರದ ಅಂಚಿಗೆ ಬಂದಾಗ ಮೊದಲು ಸೋಲುವುದು ಫೋನಿನ ದನಿಯೇ. ಕ್ರಿಕೆಟ್ ಸ್ಕೋರು ನೋಡುವಾಗ, ಮೆಸೇಜು ಓದುವಾಗ ಮಾಹಿತಿ ಹೆಚ್ಚಾಗಿ ಕೆಳಮುಖವಾಗಿ ಬರುತ್ತದೆ. ಹಾಜರಿ ಫೋಟೊ ಹೋಗಬೇಕಾದದ್ದು ಮೇಲ್ಮುಖವಾಗಿ.

ಟವರಿನಿಂದ ಫೋನಿನ ತನಕ ಅಲೆ ಹಾದುಬರುವ ಇಡೀ ದಾರಿಗೆ ನಮ್ಮ ಕಸುಬಿನಲ್ಲಿ ಚಾನೆಲ್ ಅಂತಾರೆ. ಟಿವಿ ಚಾನೆಲ್ ಬೇರೆ. ಗಾಳಿ, ದಿನ್ನೆ, ಕಬ್ಬಿನ ಹೊಲ, ಗೋಡೆ, ಪತ್ರಾ ಎಲ್ಲ ಸೇರಿ ಇದು. ದಾರಿಯ ಪ್ರತಿ ಕಲ್ಲನ್ನೂ ಅಳೆಯೋಕೆ ಆಗಲ್ಲ, ಅದಕ್ಕೆ ಒಂದು ಸೂತ್ರ ಬೇಕು. ಜಗತ್ತಿನ ತುಂಬ ಬಳಕೆಯಾದ ಹಳೇ ಸೂತ್ರದ ಬೇರು ಜಪಾನಿನಲ್ಲಿದೆ. ಒಕುಮುರಾ ಮತ್ತು ಅವರ ಜೊತೆಯವರು ಟೋಕಿಯೊ ಸುತ್ತಮುತ್ತ ವಾಹನದಲ್ಲಿ ತಿರುಗಿ ಸಿಗ್ನಲ್ ಅಳೆದು 1968ರಲ್ಲಿ ಪ್ರಕಟಿಸಿದರು. 1980ರಲ್ಲಿ ಹಾಟಾ ಎಂಬವರು ಆ ನಕ್ಷೆಗಳನ್ನ ಒಂದು ಸರಳ ಸಮೀಕರಣಕ್ಕೆ ಇಳಿಸಿದರು. ಆವರ್ತನ, ಟವರಿನ ಎತ್ತರ, ಫೋನಿನ ಎತ್ತರ, ದೂರ — ಈ ನಾಲ್ಕು ಕೊಟ್ಟರೆ ಸಾಕು, ಸಿಗ್ನಲ್ ಎಷ್ಟು ಕುಗ್ಗುತ್ತದೆ ಅಂತ ಹೇಳುತ್ತದೆ. ನಗರಕ್ಕೊಂದು, ನಗರದ ಹೊರವಲಯಕ್ಕೊಂದು, ಬಯಲಿಗೊಂದು ತಿದ್ದುಪಡಿ. ಅರ್ಧ ಪುಟದ ಲೆಕ್ಕ, ಅದರ ಮೇಲೆ ಕೋಟಿಗಟ್ಟಲೆ ಜನರ ಫೋನು. ನನಗೆ ಈಗಲೂ ಅದರ ಬಗ್ಗೆ ಗೌರವ.

ಆದರೆ ಆ ಸೂತ್ರದ ತಳಪಾಯ ಹೆಚ್ಚು ಏರಿಳಿತವಿಲ್ಲದ ನೆಲ. ಬೀದರ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ. ಕೋಟೆಯ ಗೋಡೆ ಮೇಲೆ ನಿಂತು ಉತ್ತರಕ್ಕೆ ನೋಡಿ, ನೆಲ ಇಳಿದು ಮಾಂಜ್ರಾ ಬಯಲಿಗೆ ಸೇರುತ್ತದೆ. ಬಹಮನಿಯವರು ಅಲ್ಲಿ ಕೋಟೆ ಕಟ್ಟಿದ್ದೇ ಈ ಎತ್ತರಕ್ಕಾಗಿ. ಊರೊಳಗಿನ ಚೌಬಾರಾ, 71 ಅಡಿಯ ದುಂಡು ಗೋಪುರ, ಅದೂ ಕಾವಲಿಗೇ. ಎತ್ತರದ ಲಾಭ ನಮ್ಮವರಿಗೆ ಹೊಸದಲ್ಲ. ಅಂಚಿನ ಮೇಲಿನವರಿಗೆ ದೂರದ ತನಕ ಎಲ್ಲ ಕಾಣುತ್ತದೆ, ಕೆಳಗಿನ ಹಳ್ಳದ ಮಡಿಲಲ್ಲಿ ಇರುವವರು ಮರೆಯಾಗುತ್ತಾರೆ. ಸರಾಸರಿ ಸೂತ್ರಕ್ಕೆ ಇಬ್ಬರೂ ಒಂದೇ. ಈಗಿನ ಪ್ರೋಗ್ರಾಂಗಳು ನೆಲದ ಏರುತಗ್ಗನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಆಮೇಲೆ ವಾಹನದಲ್ಲಿ ಹೋಗಿ ಅಳೆದು ಸೂತ್ರವನ್ನ ತಿದ್ದುತ್ತಾರೆ. ವಾಹನ ಹೋಗುವುದು ಎಲ್ಲಿ? ಡಾಂಬರು ರಸ್ತೆಯಲ್ಲಿ. ಕೆರೆಯಂಗಳಕ್ಕೆ, ತೊಗರಿ ಹೊಲಕ್ಕೆ ಯಾರು ಇಳಿದಾರು?

ಭಾಲ್ಕಿಯಲ್ಲಿ ನಮ್ಮ ಅತ್ತೆಯ ಮನೆ ಇನ್ನೊಂದು ನಮೂನೆ. ಪೇಟೆಯಲ್ಲೇ ಮನೆ, ಟವರೂ ದೂರ ಇಲ್ಲ. ಆದರೆ ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಪತ್ರಾ. ಕಲ್ಲು ಅಲೆಯನ್ನ ಹೀರುತ್ತದೆ, ಪತ್ರಾ ವಾಪಸ್ ಎಸೆಯುತ್ತದೆ. ಒಳಗೆ ಬರುವುದು ಕಿಟಕಿ, ಬಾಗಿಲಿಂದ ನುಸುಳಿದ ತುಣುಕುಗಳು. ಅವು ನಾಲ್ಕಾರು ಕಡೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದು ಸೇರುತ್ತವೆ. ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ದನಿ ಮತ್ತೆ ಮತ್ತೆ ಕೇಳಿಸುತ್ತದಲ್ಲ, ಹಾಗೆ. ಒಂದು ಜಾಗದಲ್ಲಿ ಅಲೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಅರ್ಧ ಅಲೆಯಷ್ಟು, ಅಂದರೆ ಒಂದು ಗೇಣಿಗಿಂತ ಕಡಿಮೆ ಸರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಅತ್ತೆ ಫೋನನ್ನ ದೇವರ ಗೂಡಿನ ಬಲಮೂಲೆಯಲ್ಲೇ ಇಡುತ್ತಾರೆ, ಎಡಮೂಲೆಯಲ್ಲಿ ಇಟ್ಟರೆ ಹತ್ತಲ್ಲ ಅಂತಾರೆ. ಮನೆಯವರೆಲ್ಲ ನಗುತ್ತಾರೆ. ಅತ್ತೆ ಹೇಳೋದು ಸರಿ.

ಕೆಟ್ಟ ಚಾನೆಲ್ ಇದ್ದವರ ಕಷ್ಟ ಅವರಲ್ಲಿಗೇ ನಿಲ್ಲುವುದಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಕಿವಿ ಕೇಳದ ಅಜ್ಜ ಇದ್ದರೆ ಅಂಗಡಿಯವನು ಒಂದೇ ಮಾತನ್ನ ನಿಧಾನಕ್ಕೆ ಮೂರು ಸಲ ಹೇಳಬೇಕು, ಹಿಂದಿನವರೆಲ್ಲ ಕಾಯಬೇಕು. ಟವರೂ ಹಾಗೇ. ಚಾನೆಲ್ ಚೆನ್ನಾಗಿದ್ದರೆ 4ಜಿಯಲ್ಲಿ ಒಂದು ಸಂಕೇತಕ್ಕೆ ಆರು ಬಿಟ್ ತುಂಬಿ ಕಳಿಸಬಹುದು. ಕೆಟ್ಟಿದ್ದರೆ ಎರಡೇ ಬಿಟ್, ಅದೂ ತಪ್ಪು ತಿದ್ದಿಕೊಳ್ಳೋಕೆ ಬಹಳಷ್ಟು ಹೆಚ್ಚುವರಿ ಸೇರಿಸಿ. ಅದೇ ಫೋಟೊಗೆ ಟವರಿನ ಹೆಚ್ಚು ಹೊತ್ತು ಬೇಕು. ಹೀಗೆ ಅಂಚಿನಲ್ಲಿರುವ ಹತ್ತು ಫೋನುಗಳು ಟವರಿನ ಬುಡದಲ್ಲಿರುವವರ ವೇಗವನ್ನೂ ತಿನ್ನುತ್ತವೆ.

ಮಳೆ ಬಂದರೆ ರೇಂಜ್ ಹೋಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಫೋನಿನ ಅಲೆಗೆ ಮಳೆ ಹನಿ ದೊಡ್ಡ ಅಡ್ಡಿಯಲ್ಲ, ಅದು ಲೆಕ್ಕಕ್ಕೆ ಬರುವುದು 10 ಗಿಗಾಹರ್ಟ್ಸ್ ದಾಟಿದ ಮೇಲೆ. ಆದರೆ ಒಂದು ಟವರಿಂದ ಇನ್ನೊಂದು ಟವರಿಗೆ ಮಾಹಿತಿ ಸಾಗಿಸುವ ದುಂಡು ಡಿಶ್‌ಗಳಲ್ಲಿ ಎಷ್ಟೋ ಅದಕ್ಕಿಂತ ಮೇಲಿನ ಆವರ್ತನದಲ್ಲಿ ನಡೆಯುತ್ತವೆ, ಜೋರು ಮಳೆಗೆ ಅವು ಕುಂಟುತ್ತವೆ. ಉಳಿದದ್ದು ಕರೆಂಟಿನ ಕಥೆ, ಅದು ನಿಮಗೇ ಗೊತ್ತು.

ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮಗಳ ಪ್ರಕಾರ ಕಂಪನಿಗಳು ಎಲ್ಲೆಲ್ಲಿ ತಮ್ಮ ಸೇವೆ ಸಿಗುತ್ತದೆ ಅನ್ನುವ ನಕ್ಷೆಯನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಒಳ್ಳೇ ಕೆಲಸ. ನಾನು ನೋಡಿದ ಒಂದು ನಕ್ಷೆಯಲ್ಲಿ ನಮ್ಮ ಕೆರೆಯೂ ದಿನ್ನೆಯೂ ಮಾಳಿಗೆಯೂ ಒಂದೇ ಬಣ್ಣದಲ್ಲಿದ್ದವು. ನನ್ನ ಕೇಳಿದರೆ, ಕೂಲಿ, ರೇಷನ್, ಪಿಂಚಣಿ ಎಲ್ಲ ಫೋನಿನಿಂದ ಮೇಲೆ ಹೋಗಬೇಕಾದ ಕಾಲದಲ್ಲಿ ಮೇಲ್ಮುಖದ ನಕ್ಷೆಯನ್ನ ಬೇರೆಯಾಗಿಯೇ ಕೊಡಬೇಕು. ಅದರ ಲೆಕ್ಕ ಹಾಕೋದು ಕಷ್ಟವೇನಲ್ಲ, ನಮ್ಮಂಥವರ ಪ್ರೋಗ್ರಾಂಗಳಲ್ಲಿ ಅದು ಇದ್ದೇ ಇದೆ.

ಅಲ್ಲಿಯ ತನಕ ಪಂಚಾಯ್ತಿಗೋ ಕಂಪನಿಗೋ ದೂರು ಕೊಡುವವರಿಗೆ ಒಂದು ಮಾತು. "ರೇಂಜ್ ಇಲ್ಲ" ಅಂತಷ್ಟೇ ಬರೆದರೆ ನಕ್ಷೆ ತೋರಿಸಿ ಕಳಿಸುತ್ತಾರೆ. ಟ್ರಾಯ್‌ನದೇ ಮೈಸ್ಪೀಡ್ ಅನ್ನುವ ಆ್ಯಪ್ ಇದೆ, ಡೌನ್‌ಲೋಡ್, ಅಪ್‌ಲೋಡ್ ಎರಡೂ ಅಳೆಯುತ್ತದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ನಾಲ್ಕು ದಿನ ಅಳೆದು ಅಪ್‌ಲೋಡ್ ಅಂಕಿಯನ್ನ ದಿನಾಂಕ, ಜಾಗದ ಸಮೇತ ಬರೆಯಿರಿ. ಕಾಕಿ ಹಾಗೆ ಬರೆದ ಹಾಳೆ ನನ್ನ ಹತ್ತಿರ ಇದೆ: ಕೆರೆಯಲ್ಲಿ ಮೂರು ಸಲ ಸೊನ್ನೆ, ದಿನ್ನೆ ಮೇಲೆ ಮೂರೂ ಸಲ ಫೋಟೊ ಹೋಗಿದೆ. ಕೆರೆಯಿಂದ ದಿನ್ನೆಗೆ ಹತ್ತಿ ಇಳಿಯೋಕೆ ನಲವತ್ತು ನಿಮಿಷ ಅಂತ ಕೆಳಗೆ ಅವಳೇ ಸೇರಿಸಿದ್ದಾಳೆ.