ಚಳ್ಳಕೆರೆಯಿಂದ ಕಾಮಿಕ್ ಕಾನ್‌ಗೆ ಗೆಳೆಯರ ಜೊತೆ ಒಂದು ದಿನ

ಬೆಂಗಳೂರಿನ ಕಾಮಿಕ್ ಕಾನ್ ಕಾಮಿಕ್ಸ್ ಪ್ರಿಯರ ಎರಡು ದಿನದ ಸಂಭ್ರಮ. ಸಾಮಾನ್ಯವಾಗಿ ಶನಿವಾರ, ಭಾನುವಾರ ನಡೆಯುತ್ತದೆ. 2022ರಲ್ಲಿ ನವೆಂಬರ್‌ನಲ್ಲಿ ನಡೆಯಿತು, 2025ರಲ್ಲಿ ಜನವರಿ 18 ಮತ್ತು 19ರಂದು. ಎರಡೂ ಸಲ ವೈಟ್‌ಫೀಲ್ಡ್‌ನ ಕೆಟಿಪಿಒ ಆವರಣದಲ್ಲಿ. ನಮ್ಮ ಕಡೆ ಆ ಹೊತ್ತಿಗೆ ಶೇಂಗಾ ಕಿತ್ತು ಮುಗಿದಿರುತ್ತದೆ, ಪರೀಕ್ಷೆಗಳಿಗೂ ಇನ್ನೂ ಟೈಮ್ ಇರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನ ಹುಡುಗ ಹುಡುಗಿಯರು ನಾಲ್ಕೈದು ಜನ ಸೇರಿ ಹೋಗಿಬರಲು ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ. ಆದರೆ ಸುಮ್ಮನೆ ಹೋಗಿ, ನೋಡಿ, ಸೆಲ್ಫಿ ತೆಗೆದುಕೊಂಡು ಬಂದರೆ ಕೊಟ್ಟ ದುಡ್ಡು ದುಬಾರಿಯಾಯಿತು ಎನಿಸುತ್ತದೆ. ಅಲ್ಲಿಗೆ ನೀವೇ ಬರೆದ ಒಂದು ಪುಟ್ಟ ಕಾಮಿಕ್ ಪುಸ್ತಕ ಕೈಯಲ್ಲಿ ಹಿಡಿದು ಹೋಗಬೇಕು. ಅದು ಹೇಗೆಂದು ಮುಂದೆ ಹೇಳುತ್ತೇನೆ. ಮೊದಲು ಆ ಸಮಾವೇಶ ನಡೆಯುವ ರೀತಿ ತಿಳಿದುಕೊಳ್ಳೋಣ.

ಭಾರತದ ಕಾಮಿಕ್ ಕಾನ್ ಶುರುವಾದದ್ದು 2011ರ ಫೆಬ್ರವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಶುರು ಮಾಡಿದವರು ಜತಿನ್ ವರ್ಮ. ಅಮರ ಚಿತ್ರ ಕಥೆಯ ಅನಂತ ಪೈ ಅವರಿಗೆ ಆ ಮೊದಲ ಸಮಾವೇಶದಲ್ಲೇ ಜೀವಮಾನ ಸಾಧನೆಯ ಗೌರವ ಸಂದಿತು. ಅದೇ ತಿಂಗಳ 24ರಂದು ಅವರು ತೀರಿಕೊಂಡರು. ಪೈ ನಮ್ಮ ಕಾರ್ಕಳದವರು. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. 1965ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ವಿದೇಶಿ ಮಕ್ಕಳ ಕಥೆಗಳನ್ನು ಕನ್ನಡ ಕಾಮಿಕ್ಸ್ ಆಗಿ ತಂದರು. ಪೈ ಅವರ 'ಕೃಷ್ಣ' ಆ ಸಾಲಿನ ಹನ್ನೊಂದನೆಯ ಪುಸ್ತಕವಾಗಿ ಆಮೇಲೆ ಬಂತು. ಹಾಗಾಗಿ ಕಾಮಿಕ್ಸ್ ಎಂದರೆ ಇಂಗ್ಲಿಷ್ ಬಲ್ಲ ನಗರದ ಮಕ್ಕಳ ಆಸ್ತಿ ಎಂದು ಹಿಂಜರಿಯಬೇಕಾಗಿಲ್ಲ. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು ನಮ್ಮ ಹಳ್ಳಿಗಳಲ್ಲೂ ಎಷ್ಟೋ ಮಂದಿ ಇದ್ದಾರೆ.

ಸಮಾವೇಶ ನಡೆಯುವುದು ಮೂರು ಕಡೆಯ ದುಡ್ಡಿನಿಂದ: ಪ್ರವೇಶದ ಟಿಕೆಟ್, ಮಳಿಗೆಗಳ ಬಾಡಿಗೆ, ದೊಡ್ಡ ಕಂಪನಿಗಳ ಪ್ರಾಯೋಜಕತ್ವ. ಇದು ತಲೆಯಲ್ಲಿದ್ದರೆ ಒಳಗೆ ಹೋದಾಗ ದಿಕ್ಕು ತಪ್ಪುವುದಿಲ್ಲ. ಹೆಚ್ಚು ಬಾಡಿಗೆ ಕೊಟ್ಟವರು ಕಣ್ಣಿಗೆ ಬೀಳುವ ಜಾಗದಲ್ಲಿರುತ್ತಾರೆ. ದೊಡ್ಡ ಪರದೆ, ಜೋರು ಸದ್ದು, ಗೇಮ್ ಆಡಿಸುವ ಸಾಲು, ಬಹುಮಾನದ ಆಸೆ. 2024ರಲ್ಲಿ ನಾಡ್ವಿನ್ ಗೇಮಿಂಗ್ ಎಂಬ ಕಂಪನಿ ಕಾಮಿಕ್ ಕಾನ್ ಇಂಡಿಯಾವನ್ನು ಕೊಂಡುಕೊಂಡಿದೆ, ಆದ್ದರಿಂದ ಗೇಮಿನ ಭಾಗಕ್ಕೆ ಅಲ್ಲಿ ಒಳ್ಳೆಯ ಜಾಗವೇ ಇರುತ್ತದೆ. ಅವುಗಳ ಆಚೆ, ಒಂದೊಂದು ಮೇಜಿನಷ್ಟೇ ಅಗಲದ ಸಣ್ಣ ಮಳಿಗೆಗಳ ಸಾಲು ಇರುತ್ತದೆ. ಅದಕ್ಕೆ ಆರ್ಟಿಸ್ಟ್ ಆ್ಯಲಿ ಅನ್ನುತ್ತಾರೆ. ಚಿತ್ರ ಬರೆದವರೇ ಮೇಜಿನ ಹಿಂದೆ ಕೂತಿರುತ್ತಾರೆ. ನಾಯಕನಹಟ್ಟಿ ಜಾತ್ರೆಯಲ್ಲಿ ತೊಟ್ಟಿಲು, ಸರ್ಕಸ್ಸು ದೂರದಿಂದಲೇ ಕಾಣುತ್ತವೆ, ಆದರೆ ಕಂಬಳಿ ನೇಯ್ದವರೇ ಕೂತು ಮಾರುವ ಜಾಗವನ್ನು ಹುಡುಕಿಕೊಂಡು ಹೋಗಬೇಕು. ಇಲ್ಲೂ ಹಾಗೆಯೇ. ನನ್ನ ಮಾತು ಕೇಳುವುದಾದರೆ, ಬಾಗಿಲು ತೆರೆದ ಮೊದಲ ಒಂದೂವರೆ ಗಂಟೆ ಈ ಸಾಲಿನಲ್ಲೇ ಕಳೆಯಿರಿ. ಬೆಳಿಗ್ಗೆ ಜನ ಕಡಿಮೆ, ಕಲಾವಿದರಿಗೂ ದಣಿವಿರುವುದಿಲ್ಲ, ಕೂತು ಮಾತಾಡುತ್ತಾರೆ. ಮಧ್ಯಾಹ್ನ ಎರಡರ ಮೇಲೆ ಅಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ.

ಅಲ್ಲಿ ಪುಸ್ತಕ ಕೊಂಡರೆ ದುಡ್ಡು ನೇರವಾಗಿ ಬರೆದವರ ಕೈಗೇ ಹೋಗುತ್ತದೆ. ಸಹಿ ಹಾಕಿಕೊಡುತ್ತಾರೆ, ಕೆಲವರು ಮೊದಲ ಪುಟದಲ್ಲಿ ಚಿಕ್ಕ ಚಿತ್ರವನ್ನೂ ಗೀಚಿಕೊಡುತ್ತಾರೆ. ಕೇಳಲು ನಾಚಿಕೆ ಬೇಡ. ಯಾವ ಪೆನ್ನು, ಯಾವ ಕಾಗದ, ಮುದ್ರಣ ಎಲ್ಲಿ ಮಾಡಿಸಿದಿರಿ, ಎಷ್ಟು ಪ್ರತಿ ಹಾಕಿಸಿದಿರಿ ಎಂದು ಕೇಳಿ. ಇಂಥ ಪ್ರಶ್ನೆಗಳಿಗೆ ಕಲಾವಿದರು ತುಂಬ ಖುಷಿಯಿಂದ ಉತ್ತರಿಸುತ್ತಾರೆ, ಏಕೆಂದರೆ ದಿನವಿಡೀ ಅವರನ್ನು ಜನ ಕೇಳುವುದು ಬೆಲೆಯನ್ನು ಮಾತ್ರ. ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ, ಬೆಂಗಳೂರಿನ ಕಲಾವಿದರಲ್ಲಿ ಕನ್ನಡ ಬಲ್ಲವರು ಸಿಗುತ್ತಾರೆ.

ಇನ್ನು ನಿಮ್ಮ ಪುಸ್ತಕದ ವಿಷಯ. ಒಂದು ಎ4 ಹಾಳೆಯಲ್ಲಿ ಎಂಟು ಪುಟದ ಪುಸ್ತಕ ಆಗುತ್ತದೆ. ಪಿನ್ನೂ ಬೇಡ, ಅಂಟೂ ಬೇಡ. ಹಾಳೆಯನ್ನು ಉದ್ದಕ್ಕೆ ಒಮ್ಮೆ ಮಡಿಚಿ ಬಿಚ್ಚಿ. ಆಮೇಲೆ ಅಡ್ಡಕ್ಕೆ ಅರ್ಧ ಮಡಿಚಿ, ಅದನ್ನೇ ಇನ್ನೊಮ್ಮೆ ಅರ್ಧ ಮಡಿಚಿ ಬಿಚ್ಚಿ. ಈಗ ಎಂಟು ಮನೆಗಳು ಕಾಣುತ್ತವೆ. ಮತ್ತೆ ಅಡ್ಡಕ್ಕೆ ಅರ್ಧ ಮಡಿಚಿ ಹಿಡಿದು, ಮಡಿಕೆ ಇರುವ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಉದ್ದ ಕತ್ತರಿಸಿ. ಬಿಚ್ಚಿದರೆ ಹಾಳೆಯ ಮಧ್ಯೆ ಎರಡು ಮನೆ ಉದ್ದದ ಸೀಳು ಇರುತ್ತದೆ. ಕೊನೆಗೆ ಉದ್ದಕ್ಕೆ ಮಡಿಚಿ, ಎರಡು ತುದಿಗಳನ್ನು ಒಳಕ್ಕೆ ತಳ್ಳಿದರೆ ಸೀಳು ಬಾಯಿ ಬಿಟ್ಟು ಹಾಳೆ ಕೂಡುಚಿಹ್ನೆಯ ಆಕಾರಕ್ಕೆ ಬರುತ್ತದೆ. ರೆಕ್ಕೆಗಳನ್ನು ಒಂದೇ ಕಡೆಗೆ ಸುತ್ತಿದರೆ ಪುಸ್ತಕ ಸಿದ್ಧ.

ಚಿತ್ರ ಬರೆಯುವ ಮೊದಲು ಖಾಲಿ ಹಾಳೆಯಲ್ಲೇ ಇದನ್ನು ಮಾಡಿ, ಪೆನ್ಸಿಲ್‌ನಲ್ಲಿ 1ರಿಂದ 8ರವರೆಗೆ ಪುಟಸಂಖ್ಯೆ ಹಾಕಿ, ನಂತರ ಬಿಚ್ಚಿ ನೋಡಿ. ನಾಲ್ಕು ಪುಟ ತಲೆಕೆಳಗಾಗಿ ಕಾಣುತ್ತವೆ. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಅಸಲು ಪ್ರತಿ ಬರೆಯಿರಿ. ಕತ್ತರಿ ಹಾಕದ ಅಸಲು ಹಾಳೆಯನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಒಂದೇ ಮಗ್ಗುಲಿಗೆ ನಕಲು ಮಾಡಿಸಿ. ಒಂದು ಪ್ರತಿಗೆ ಎರಡೋ ಮೂರೋ ರೂಪಾಯಿ ಬೀಳುತ್ತದೆ, ಮೂವತ್ತು ಪ್ರತಿ ಮಾಡಿಸಿದರೂ ನೂರು ರೂಪಾಯಿ ದಾಟುವುದಿಲ್ಲ.

ಜೆರಾಕ್ಸ್ ಯಂತ್ರದ ಸ್ವಭಾವ ತಿಳಿದಿರಬೇಕು. ಪೆನ್ಸಿಲ್‌ನ ತೆಳು ನೆರಳು ಅದರಲ್ಲಿ ಬರುವುದೇ ಇಲ್ಲ. ಕಪ್ಪು ಜೆಲ್ ಪೆನ್ನಿನಲ್ಲಿ ಬರೆದು, ನೆರಳು ಬೇಕಾದ ಕಡೆ ಗೆರೆಗಳನ್ನೋ ಚುಕ್ಕೆಗಳನ್ನೋ ಒತ್ತೊತ್ತಾಗಿ ಹಾಕಿ. ಹಾಳೆಯ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ, ಅಲ್ಲಿನ ಗೆರೆಗಳನ್ನು ಯಂತ್ರ ನುಂಗುತ್ತದೆ. ಮಾತಿನ ಗುಳ್ಳೆಯನ್ನು ಮೊದಲು ಬರೆದು ಒಳಗೆ ಅಕ್ಷರ ತುರುಕಬೇಡಿ. ಮೊದಲು ಅಕ್ಷರ, ಆಮೇಲೆ ಅದರ ಸುತ್ತ ಗುಳ್ಳೆ. ಕನ್ನಡಕ್ಕೆ ಇದು ಇನ್ನೂ ಮುಖ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿಸು, ದೀರ್ಘಗಳು ಮೇಲೂ ಪಕ್ಕಕ್ಕೂ ಚಾಚುತ್ತವೆ. ಇಂಗ್ಲಿಷ್ ಕಾಮಿಕ್ಸ್ ನೋಡಿ ಅದರಷ್ಟೇ ಅಂತರದಲ್ಲಿ ಸಾಲು ಬರೆದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗಿ ಓದಲು ಬಾರದು. ಒಂದು ಗುಳ್ಳೆಗೆ ಆರೇಳು ಪದ ಸಾಕು. ನಮ್ಮೂರಿನ ಮಾತನ್ನೇ ಬಳಸಿ, ಪುಸ್ತಕದ ಭಾಷೆಗಿಂತ ಅದು ಗುಳ್ಳೆಯಲ್ಲಿ ಚೆನ್ನಾಗಿ ಕೂರುತ್ತದೆ.

ಕಥೆಗೆ ಬರಗಾಲವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಗುರುತಿಸಿದರು. ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದ್ದು. ಗಾಂಧಾರದ ಕಡೆಯ ಲಿಪಿ ಬಲ್ಲವನೊಬ್ಬ ನಮ್ಮ ಬಂಡೆಗಳ ನಡುವೆ ಬಂದು ಬಿಸಿಲಲ್ಲಿ ಕೂತು ಕೆಲಸ ಮುಗಿಸಿ ತನ್ನ ಸಹಿ ಹಾಕಿ ಹೋದ. ಎಂಟು ಪುಟಕ್ಕೆ ಇದಕ್ಕಿಂತ ಒಳ್ಳೆಯ ನಾಯಕ ಯಾರು ಬೇಕು? ಹೊರಗಿನವರು ಯಾರೂ ಬರೆಯಲಾರದ ಕಥೆ ಅದು, ಏಕೆಂದರೆ ಆ ಬಂಡೆಯ ಬಣ್ಣ, ಅಲ್ಲಿನ ಗಾಳಿ, ಸುತ್ತಲ ಜಾಲಿಗಿಡ ನಿಮಗೆ ಮಾತ್ರ ಗೊತ್ತು.

ಹೀಗೆ ಮಾಡಿದ ಪುಸ್ತಕಗಳನ್ನು ಆರ್ಟಿಸ್ಟ್ ಆ್ಯಲಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಅಲ್ಲಿ ಮೇಜು ಬಾಡಿಗೆ ಪಡೆಯದೆ ಮಾರುವಂತಿಲ್ಲ, ಆದರೆ ಕಲಾವಿದರಿಗೆ ಪ್ರೀತಿಯಿಂದ ಒಂದು ಪ್ರತಿ ಕೊಡುವುದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಹಿಂದಿನ ಪುಟದಲ್ಲಿ ಹೆಸರು, ಊರು ಬರೆದಿರಲಿ.

ವೇಷ ಹಾಕಿಕೊಂಡು ಹೋಗುವುದಕ್ಕೆ ಕಾಸ್‌ಪ್ಲೇ ಅನ್ನುತ್ತಾರೆ. ಸ್ಪೈಡರ್‌ಮ್ಯಾನ್, ನರುಟೊ ವೇಷದವರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ಚಿತ್ರದುರ್ಗ ಜಿಲ್ಲೆಯಿಂದ ಹೋಗುವ ಹುಡುಗಿ ಒನಕೆ ಓಬವ್ವ ಆಗಬೇಕು ಎಂದೇ ನನ್ನ ಆಸೆ. ಕಚ್ಚೆ ಸೀರೆ ಮನೆಯಲ್ಲೇ ಇರುತ್ತದೆ. ನಿಜವಾದ ಒನಕೆಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಮರದ್ದು, ಲೋಹದ್ದು, ಚೂಪಾದದ್ದು ಯಾವುದನ್ನೂ ಒಳಗೆ ಬಿಡುವುದು ಕಷ್ಟ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಕೇಳಿ ತನ್ನಿ, ಕೊಟ್ಟುಬಿಡುತ್ತಾರೆ. ಅದಕ್ಕೆ ಹಳೆಯ ಪೇಪರ್ ಚೂರುಗಳನ್ನು ಫೆವಿಕಾಲ್‌ನಲ್ಲಿ ಎರಡು ಮೂರು ಪದರ ಅಂಟಿಸಿ, ಒಣಗಿದ ಮೇಲೆ ಕಂದು ಬಣ್ಣ ಬಳಿದು, ತೆಳು ಬ್ರಷ್‌ನಲ್ಲಿ ಮರದ ಗೆರೆ ಎಳೆದರೆ ದೂರದಿಂದ ಒನಕೆಯೇ. ಎರಡು ತುಂಡು ಮಾಡಿ ಒಂದರೊಳಗೊಂದು ಸಿಕ್ಕಿಸುವಂತಿದ್ದರೆ ಬಸ್ಸಿನಲ್ಲಿ ಸಲೀಸು. ಜಟಿಂಗ ರಾಮೇಶ್ವರದ ಬೆಟ್ಟ ಜಟಾಯು ಬಿದ್ದ ಜಾಗ ಎಂದು ಜನ ನಂಬುತ್ತಾರೆ, ಜಟಾಯು ಆಗುವ ಆಸೆ ಯಾರಿಗಾದರೂ ಬಂದರೆ ರೆಕ್ಕೆಗಳು ಮಡಚುವಂತಿರಲಿ. ನೂಕುನುಗ್ಗಲಲ್ಲಿ ಬಿಚ್ಚಿಟ್ಟ ರೆಕ್ಕೆ ಅರ್ಧ ಗಂಟೆಯೂ ಉಳಿಯದು. ಕಾಸ್‌ಪ್ಲೇ ಸ್ಪರ್ಧೆಗೆ ಬೇರೆ ಹೆಸರು ನೋಂದಾಯಿಸಬೇಕು, ವೇಷ ನೀವೇ ಮಾಡಿದ್ದಕ್ಕೆ ಸಾಕ್ಷಿಯಾಗಿ ತಯಾರಿಯ ಫೋಟೊಗಳನ್ನು ಇಟ್ಟುಕೊಳ್ಳಿ. ಬೇರೆಯವರ ವೇಷದ ಫೋಟೊ ತೆಗೆಯುವಾಗ ಕೇಳಿಯೇ ತೆಗೆಯಿರಿ, ಮುಟ್ಟಬೇಡಿ.

ಪ್ರಯಾಣದ ಮಾತು. ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಹಿರಿಯೂರು, ಸಿರಾ, ತುಮಕೂರು ಮೇಲೆ ದಾರಿ. ಮೊಳಕಾಲ್ಮೂರಿನವರು ಹಿಂದಿನ ರಾತ್ರಿಯೇ ಬಂದು ಚಳ್ಳಕೆರೆಯ ಗೆಳೆಯರ ಮನೆಯಲ್ಲಿ ಮಲಗುವುದು ಒಳ್ಳೆಯದು. ಬೆಳಗಿನ ಜಾವ ಐದಕ್ಕೆ ಹೊರಟರೆ ಒಂಬತ್ತರ ಸುಮಾರಿಗೆ ಬೆಂಗಳೂರಿನ ಅಂಚು ಮುಟ್ಟುತ್ತೀರಿ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂರುವ ಬದಲು ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೊ ಹಿಡಿಯಿರಿ. 2024ರ ನವೆಂಬರ್‌ನಿಂದ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ಬಸ್ಸು ಮೇಲ್ಸೇತುವೆ ಹತ್ತಿದರೆ ನಡುವೆ ಇಳಿಯುವ ಹಾಗಿಲ್ಲ, ಆದ್ದರಿಂದ ಮಾದಾವರದಲ್ಲಿ ನಿಲ್ಲಿಸುತ್ತೀರಾ ಎಂದು ಕಂಡಕ್ಟರನ್ನು ಮೊದಲೇ ಕೇಳಿಡಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ವೈಟ್‌ಫೀಲ್ಡ್ ಕಡೆಯ ರೈಲು ಹತ್ತಿ, ಕೆಟಿಪಿಒಗೆ ಹೋಗಲು ಶ್ರೀ ಸತ್ಯಸಾಯಿ ಆಸ್ಪತ್ರೆ ನಿಲ್ದಾಣದಲ್ಲಿ ಇಳಿಯಬೇಕು. ಮೆಟ್ರೊದಲ್ಲಿ ಒಟ್ಟು ಒಂದೂವರೆ ಗಂಟೆ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿ ಆಯಿತು, ಇಷ್ಟು ದೂರಕ್ಕೆ ಗರಿಷ್ಠ ದರವೇ ಬೀಳುತ್ತದೆ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿ ಸಾಮಾನ್ಯ, ವೇಗದೂತ ಬಸ್ಸು ಉಚಿತ, ಆಧಾರ್ ಮರೆಯಬೇಡಿ. ರಾಜಹಂಸ, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ.

ಟಿಕೆಟ್ ಆನ್‌ಲೈನಿನಲ್ಲೇ ಮೊದಲೇ ತೆಗೆಯಿರಿ. ಒಬ್ಬರಿಗೆ ಒಂದು ದಿನಕ್ಕೆ ಸಾವಿರ ರೂಪಾಯಿ ಆಸುಪಾಸು ಇಟ್ಟುಕೊಳ್ಳಿ, ಜೊತೆಗೆ ಒಂದು ಕಾಮಿಕ್ ಪುಸ್ತಕ, ಪೋಸ್ಟರ್ ಕೊಡುವ ರೂಢಿಯಿದೆ. ನಮ್ಮ ಕಡೆಯ ಮನೆಗಳಿಗೆ ಇದು ಸಣ್ಣ ದುಡ್ಡಲ್ಲ. ಅದಕ್ಕೇ ಸಾವಿರಾರು ರೂಪಾಯಿಯ ಸೂಪರ್‌ಫ್ಯಾನ್ ಟಿಕೆಟ್ ಬೇಡವೆನ್ನುತ್ತೇನೆ. ಅದರಲ್ಲಿ ಸಿಗುವ ಬೊಂಬೆ, ಟೀ ಶರ್ಟಿನ ಬದಲು ಆ ದುಡ್ಡಿಗೆ ನಾಲ್ಕು ಒಳ್ಳೆಯ ಪುಸ್ತಕ ಬರುತ್ತವೆ. ಗೆಳೆಯರೆಲ್ಲ ಬೇರೆಬೇರೆ ಪುಸ್ತಕ ಕೊಂಡು ಆಮೇಲೆ ಅದಲುಬದಲು ಮಾಡಿಕೊಳ್ಳಿ. ಹೊರಗಿನ ತಿಂಡಿ ಒಳಗೆ ಬಿಡದಿರಬಹುದು, ಒಳಗಿನದು ದುಬಾರಿ, ಹೊಟ್ಟೆ ತುಂಬ ತಿಂದೇ ಹೋಗಿ. ಸಾವಿರಾರು ಜನ ಸೇರಿದಾಗ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಗಂಟೆಗೊಮ್ಮೆ ಎಲ್ಲರೂ ಬಂದು ಸೇರುವ ಒಂದು ಜಾಗ ಗೊತ್ತುಮಾಡಿಕೊಳ್ಳಿ.

ಎರಡು ದಿನಗಳಲ್ಲಿ ಶನಿವಾರವೇ ಹೋಗುವುದಕ್ಕೆ ಒಂದು ಕಾರಣವಿದೆ. ನೇರಳೆ ಮಾರ್ಗದಲ್ಲೇ ಟ್ರಿನಿಟಿ ನಿಲ್ದಾಣದ ಹತ್ತಿರ, ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ. ವ್ಯಂಗ್ಯಚಿತ್ರಕಾರ ವಿ.ಜಿ. ನರೇಂದ್ರ ಅವರು ಕಟ್ಟಿದ ಸಂಸ್ಥೆಯದು, 2007ರಿಂದ ನಡೆಯುತ್ತಿದೆ, ಪ್ರವೇಶ ಉಚಿತ. ಭಾನುವಾರ ರಜೆ. ಸಂಜೆ ಆರರೊಳಗೆ ತಲುಪಿದರೆ ಮುದ್ರಣಕ್ಕೆ ಹೋಗುವ ಮುಂಚಿನ ಅಸಲು ಗೆರೆಗಳನ್ನು ಹತ್ತಿರದಿಂದ ನೋಡಬಹುದು. ಅದರ ಮುಂದಿನ ನಿಲ್ದಾಣ ಎಂ.ಜಿ. ರಸ್ತೆ, ಅಲ್ಲಿಂದ ಚರ್ಚ್ ಸ್ಟ್ರೀಟಿನ ಬ್ಲಾಸಮ್ ಅಂಗಡಿಗೆ ನಡೆದೇ ಹೋಗಬಹುದು. ಹಳೆಯ ಕಾಮಿಕ್ಸ್ ಕಡಿಮೆ ಬೆಲೆಗೆ ಸಿಗುತ್ತವೆ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಳ್ಳಾರಿ ಬಸ್ಸು ಹತ್ತುವ ಮುಂಚೆ ಚಳ್ಳಕೆರೆ ಮೇಲೆ ಹೋಗುತ್ತದೆಯೇ ಎಂದು ಕೇಳಿಯೇ ಹತ್ತಿ, ಅನಂತಪುರದ ಮೇಲೆ ಹೋಗುವವೂ ಇವೆ.

ಇಂಥ ಮೇಳಕ್ಕಾಗಿ ಮುಂದಿನ ವರ್ಷದವರೆಗೆ ಕಾಯಬೇಕಾಗಿಯೂ ಇಲ್ಲ, ಊರಲ್ಲೇ ನಡೆಸಬಹುದು. ಇಂದು ಲಕ್ಷಾಂತರ ಜನ ಸೇರುವ ಟೋಕಿಯೊದ ಕಾಮಿಕೆಟ್ ಎಂಬ ಕಾಮಿಕ್ಸ್ ಮೇಳ 1975ರ ಡಿಸೆಂಬರ್‌ನಲ್ಲಿ ಶುರುವಾದಾಗ ಅಲ್ಲಿದ್ದದ್ದು 32 ಗುಂಪು, ಬಂದವರು ಸುಮಾರು 700 ಮಂದಿ. ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಒಬ್ಬರಿಗೊಬ್ಬರು ಮಾರಿಕೊಂಡರು, ಅಷ್ಟೇ. ಚಳ್ಳಕೆರೆಯ ಯಾವುದಾದರೂ ಶಾಲೆಯ ಒಂದು ಕೋಣೆ, ಆರು ಬೆಂಚು, ಚಿತ್ರಕಲೆಯ ಮೇಷ್ಟ್ರ ಒಪ್ಪಿಗೆ ಇಷ್ಟಿದ್ದರೆ ಒಂದು ಭಾನುವಾರ ಬೆಳಿಗ್ಗೆ ನೀವೂ ನಡೆಸಬಹುದು. ಒಬ್ಬೊಬ್ಬರೂ ಹತ್ತು ಪ್ರತಿ ತರಬೇಕು, ಬೆಲೆ ಐದು ರೂಪಾಯಿ ಮೀರಬಾರದು, ನಕಲು ಮಾಡಿದ ಸೂಪರ್‌ಹೀರೊಗಳು ಬೇಡ, ಎಲ್ಲ ಕಥೆಗಳೂ ಸುತ್ತಲಿನ ಊರುಗಳದ್ದೇ ಆಗಿರಬೇಕು ಎಂದು ನಿಯಮ ಮಾಡಿ. ನೋಟಿಸು ಅಂಟಿಸುವುದಕ್ಕೆ ಜೆರಾಕ್ಸ್ ಅಂಗಡಿಯ ಗೋಡೆಯೇ ಸರಿಯಾದ ಜಾಗ, ಬರೆಯುವ ಮಕ್ಕಳೆಲ್ಲ ಅಲ್ಲಿಗೆ ಬಂದೇ ಬರುತ್ತಾರೆ.