ಟೂ ಲಾನ್ ಗುಹೆಗಳಲ್ಲಿ ಒಂದಿರುಳು

ಅರುವತ್ತು ತುಂಬಿದವನು ಕಾಶಿಗೋ ರಾಮೇಶ್ವರಕ್ಕೋ ಹೋಗುವುದನ್ನು ಬಿಟ್ಟು, ಕಾಡಿನ ಗುಹೆಯಲ್ಲಿ ಈಜಲು ಹೋದನೆಂದರೆ ವಾಚಕರು ನಗಬಹುದು. ನಗಲಿ. ನಾವು ವಿಯೆಟ್ನಾಂ ದೇಶಕ್ಕೆ ಹೊರಟುದು ಗುಹೆಗಳಿಗಾಗಿಯಲ್ಲ. ಡಾನಾಂಗ್ ನಗರದ ಬಳಿ ಮೀ ಸನ್ ಎಂಬಲ್ಲಿ ಚಂಪಾ ರಾಜ್ಯದ ಅರಸರು ಕಟ್ಟಿಸಿದ ಶಿವಾಲಯಗಳನ್ನೂ ಅವರ ಸಂಸ್ಕೃತ ಶಾಸನಗಳನ್ನೂ ಕಣ್ಣಾರೆ ಕಾಣಬೇಕೆಂಬುದು ನಮ್ಮ ಬಹುಕಾಲದ ಆಸೆಯಾಗಿತ್ತು. ಅದು ಈಡೇರಿದ ಮೇಲೆ, ಜೊತೆಗೆ ಬಂದಿದ್ದ ನಮ್ಮ ಮಗಳು, "ಅಪ್ಪ, ನಿಮ್ಮ ಕಲ್ಲುಗಳನ್ನು ನಾನು ನೋಡಿದ್ದಾಯಿತು, ಇನ್ನು ನನ್ನ ಕಲ್ಲುಗಳನ್ನು ನೀವು ನೋಡಬೇಕು" ಎಂದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಡಾನಾಂಗಿನಿಂದ ಉತ್ತರಕ್ಕೆ ರೈಲಿನಲ್ಲಿ ಹೋದರೆ ಸುಣ್ಣಕಲ್ಲಿನ ಬೆಟ್ಟಗಳ ಸೀಮೆ ಸಿಕ್ಕುವುದು. ಅಲ್ಲಿಯ ಫಾಂಗ್ ನ್ಯಾ ಅರಣ್ಯವನ್ನು 2003ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಹೋ ಖಾನ್ ಎಂಬ ಗ್ರಾಮಸ್ಥನು ಅಗರುಮರವನ್ನರಸುತ್ತ ಅಲೆಯುವಾಗ ಕಂಡ ಸನ್ ಡೂಂಗ್ ಎಂಬ ಮಹಾಗುಹೆಯೂ ಅಲ್ಲಿಯೇ ಇದೆ. 2009ರಲ್ಲಿ ಬ್ರಿಟಿಷ್ ಗುಹಾಶೋಧಕರು ಅದನ್ನು ಅಳೆದ ಮೇಲೆ ಲೋಕಕ್ಕೆಲ್ಲ ಅದರ ಹೆಸರು ತಿಳಿಯಿತು. (ನಮ್ಮ ಪೂಜೆಯ ಅಗರು ಅಷ್ಟು ದೂರದ ಕಾಡಿನಲ್ಲಿಯೂ ಬೆಳೆಯುವುದೆಂದು ಪಾಠ ಹೇಳುವಾಗ ನಮಗೆ ಗೊತ್ತಿರಲಿಲ್ಲ.) ನಾವು ಹೋದುದು ಆ ಮಹಾಗುಹೆಗಲ್ಲ. ಫಾಂಗ್ ನ್ಯಾದಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿ ತಾನ್ ಹೋವಾ ಎಂಬ ಹಳ್ಳಿಯುಂಟು. ಅದರ ಹಿಂದಣ ಕಾಡಿನಲ್ಲಿರುವ ಟೂ ಲಾನ್ ಗುಹೆಗಳಿಗೆ ಹೋದೆವು. ಇವುಗಳೊಳಗೆ ಹೊಳೆ ಹರಿಯುವುದರಿಂದ ಕೆಲವೆಡೆ ಈಜಿಕೊಂಡೇ ಮುಂದರಿಯಬೇಕು.

ಮಾರ್ಗದರ್ಶಿಯು ಆ ಹಳ್ಳಿಯವನೇ ಆದ ತರುಣ. ನಮ್ಮನ್ನು ಮೊದಲಿನಿಂದಲೂ "ಬಾಕ್" ಎಂದು ಕರೆದನು. ತಂದೆಗಿಂತ ಹಿರಿಯನಿಗೆ ಹೇಳುವ ಮಾತಂತೆ, ನಮ್ಮ ದೊಡ್ಡಪ್ಪನ ಹಾಗೆ. ಮುಸುಕಿನಜೋಳದ ಹೊಲಗಳನ್ನು ದಾಟಿ, ಮೊಳಕಾಲುದ್ದ ನೀರನ್ನು ಹಾದು, ಮೊನಚು ಕಲ್ಲಿನ ಏರನ್ನು ಹತ್ತುವಷ್ಟರಲ್ಲಿ ನಮ್ಮ ಉಸಿರು ಕಟ್ಟಿತು. ಹೊರೆಯಾಳುಗಳು ಡೇರೆ, ಅಕ್ಕಿ, ಪಾತ್ರೆಗಳನ್ನು ಹೊತ್ತು ನಮ್ಮನ್ನು ಹಿಂದಿಕ್ಕಿ ಹೋದರು. ಹಿಂದೆ ಇದೇ ಕಾಡಿನಲ್ಲಿ ಮರ ಕಡಿದು, ಬೇಟೆಯಾಡಿ ಹೊಟ್ಟೆ ಹೊರೆದವರು ಇವರಲ್ಲಿ ಕೆಲವರುಂಟು.

ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಅಂಗಾರಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುವುದು. ಆ ಹುಳಿಯು ಸುಣ್ಣಕಲ್ಲನ್ನು ಯುಗಯುಗಗಳ ಕಾಲ ಕರಗಿಸಿ ಬೆಟ್ಟದ ಹೊಟ್ಟೆಯಲ್ಲಿ ದಾರಿ ಮಾಡುವುದು. ಕರಗಿದ ಸುಣ್ಣವೇ ಹನಿಹನಿಯಾಗಿ ಮತ್ತೆ ಕಲ್ಲಾಗಿ ಮೇಲಿನಿಂದ ಜಡೆಯಂತೆ ಇಳಿಬೀಳುವುದು. ಗುಹೆಯೆಂಬ ಶಬ್ದದ ಧಾತುವಿಗೆ ಮರೆಮಾಡು ಎಂದು ಅರ್ಥ. ಮೂವತ್ತು ವರ್ಷ ಇದನ್ನು ಹುಡುಗರಿಗೆ ಹೇಳಿಕೊಟ್ಟೆವು. ಅರ್ಥವಾದುದು ಹಾಂಗ್ ಕೆನ್ ಎಂಬ ಗುಹೆಯ ಬಾಯಲ್ಲಿ ಕತ್ತಲನ್ನು ಕಂಡಾಗ.

ಅಲ್ಲಿ ನೀರಿಗಿಳಿಯಬೇಕಾಗಿತ್ತು. ತಲೆಗೆ ದೀಪವಿರುವ ಹೆಲ್ಮೆಟ್ಟು, ಮೈಗೆ ಲೈಫ್ ಜಾಕೆಟ್ಟು. ನಾವು ಹೇಮಾವತಿಯಲ್ಲಿ ಹುಟ್ಟುಗಟ್ಟಿ ಈಜಿದವರು. "ಇದು ನಮಗೆ ಬೇಡ" ಎಂದು ಜಾಕೆಟ್ಟನ್ನು ಬಿಚ್ಚತೊಡಗಿದೆವು. ತರುಣನು ವಿನಯದಿಂದಲೇ ಅದನ್ನು ಮತ್ತೆ ತೊಡಿಸಿ, ಪಟ್ಟಿಯನ್ನು ಬಿಗಿದನು. "ಬಾಕ್, ಹೊಳೆಯಲ್ಲಿ ದಣಿದರೆ ದಡ ಹಿಡಿಯಬಹುದು. ಒಳಗೆ ಎರಡು ಕಡೆಯೂ ಗೋಡೆಯೇ." ಶಿಷ್ಯನಿಂದ ಗದರಿಸಿಕೊಂಡಂತಾಯಿತು, ಸುಮ್ಮನಾದೆವು.

ನಮ್ಮ ಮಗಳಿಗೆ ಈಜು ಬಾರದು. ಅದಕ್ಕೆ ಹೊಣೆ ನಾವೇ. ಭಾನುವಾರಗಳಲ್ಲಿ ಶಾಲೆಯ ಹುಡುಗರನ್ನೆಲ್ಲ ಹೊಳೆಗೆ ಕರೆದೊಯ್ದು ಈಜು ಕಲಿಸಿದೆವು. ಅವಳನ್ನು ಮಾತ್ರ ಬಟ್ಟೆ ಕಾಯಲು ದಡದಲ್ಲಿ ಕೂರಿಸಿದೆವು. ಹೆಣ್ಣುಮಗು, ಜನರೇನೆಂದಾರು ಎಂಬ ಅಂಜಿಕೆ. ಈಗ ಅವಳು ತರುಣನ ಮಾತಿನಂತೆ ಅಂಗಾತ ಮಲಗಿ, ಕಾಲು ಬಡಿಯುತ್ತ, ಮೇಲಣ ಕಲ್ಲಿನ ಜಡೆಗಳನ್ನು ನೋಡುತ್ತ ಹೊರಟೇಬಿಟ್ಟಳು. ನಾವು ಹಿಂದಿನಿಂದ ಗತ್ತಿನಲ್ಲಿ ತೋಳು ಬೀಸುತ್ತಿರಲು, ಆ ತಣ್ಣೀರಿಗೆ ಮೀನಖಂಡ ಹಿಡಿದುಕೊಂಡಿತು. ಕಾಲು ಮರದ ಕೊರಡಾಯಿತು. ಜಾಕೆಟ್ಟಿಲ್ಲದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಯಾರೋ ನಮ್ಮ ಹೆಗಲ ಪಟ್ಟಿಯನ್ನು ಹಿಡಿದರು. ತರುಣನೆಂದುಕೊಂಡೆವು. "ಅಪ್ಪ, ಕಾಲು ಸಡಿಲ ಬಿಡಿ" ಎಂಬ ಮಾತು ಕನ್ನಡದಲ್ಲಿ ಕೇಳಿಸಿತು.

ಇರುಳು ಜಲಪಾತದ ಮಡುವಿನ ಬಳಿ ಡೇರೆ. ಅನ್ನ, ಸೊಪ್ಪು, ಹುರಿದ ಕಡಲೆಕಾಯಿ. ಮಾಂಸ ತಿನ್ನದ ನಮಗೆ ಅಡಿಗೆಯವನು ಬೇರೆ ಪಾತ್ರೆಯನ್ನೇ ಇಟ್ಟಿದ್ದನು. ಬೆಂಕಿಯ ಮುಂದೆ ಕುಳಿತು ತರುಣನು 2010ರ ಅಕ್ಟೋಬರಿನ ನೆರೆಯ ಕಥೆಯನ್ನು ಹೇಳಿದನು. ಸುತ್ತಲೂ ಬೆಟ್ಟಗಳಿರುವುದರಿಂದ ತಾನ್ ಹೋವಾ ಕಣಿವೆಯ ನೀರು ಬೇಗ ಹೊರಹೋಗದು. ಆ ವರ್ಷ ಅದು ಮನೆಗಳ ಮಾಡನ್ನೂ ಮೀರಿತು. ಜನರು ಬೆಟ್ಟವೇರಿ ಗುಹೆಗಳನ್ನು ಹೊಕ್ಕರು. ಬಾಲಕನಾಗಿದ್ದ ಈತನು ತಾಯಿಯ ಮಗ್ಗುಲಲ್ಲಿ ಕುಳಿತು, ತಮ್ಮ ಎಮ್ಮೆ ತೇಲಿಹೋಗುವುದನ್ನು ನೋಡಿದನಂತೆ. "ಆಗಲೇ ನನಗೆ ನೀರಿನ ಭಯ ತಿಳಿದುದು. ಭಯ ತಿಳಿಯದವರನ್ನು ನಾನು ಒಳಕ್ಕೆ ಬಿಡುವುದಿಲ್ಲ" ಎಂದು ನಮ್ಮ ಕಡೆ ನೋಡಿ ನಕ್ಕನು. ನೆರೆಯ ಕಾಲದಲ್ಲಿ ಈ ಯಾತ್ರೆಗಳನ್ನು ನಿಲ್ಲಿಸಿಬಿಡುವರು. ಹೋಗಬಯಸುವ ಗೃಹಸ್ಥರು ಸೆಪ್ಟೆಂಬರಿನಿಂದ ನವೆಂಬರಿನವರೆಗಣ ಮಳೆಯ ತಿಂಗಳುಗಳನ್ನು ಬಿಟ್ಟು ಹೋಗುವುದು ಲೇಸು. ಮಂಡಿನೋವಿದ್ದವರು ಮನೆಯಲ್ಲಿರುವುದು ಇನ್ನೂ ಲೇಸು.

ಮರುದಿನ ಹಳ್ಳಿಗೆ ಮರಳಿದಾಗ ಅವನು ತನ್ನ ಮನೆಗೆ ಕರೆದೊಯ್ದನು. ಮನೆಯ ಪಕ್ಕದಲ್ಲಿ ಹಲಗೆಯ ಚಿಕ್ಕದೊಂದು ಮನೆ. ಅದರಡಿಯಲ್ಲಿ ಬರಿದಾದ ಪೀಪಾಯಿಗಳು. ನೆರೆ ಬಂದರೆ ಅದು ಕಂಬಗಳ ನಡುವೆ ನೀರಿನೊಡನೆ ಮೇಲಕ್ಕೇರಿ, ಇಳಿದಾಗ ಸ್ವಸ್ಥಾನದಲ್ಲಿಯೇ ಕೂರುವುದು. ಆ ನೆರೆಯ ಮೇಲೆ ಊರವರು ಕಂಡುಕೊಂಡ ಉಪಾಯವಿದು. 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯು ಈ ಹಳ್ಳಿಗೆ ಉತ್ತಮ ಪ್ರವಾಸಿ ಗ್ರಾಮವೆಂಬ ಗೌರವವನ್ನಿತ್ತಿತು. ಒಳಗೆ ಜೋಳದ ಮೂಟೆಗಳೂ ಒಂದು ಒಲೆಯೂ ಇದ್ದುವು. ಮುದುಕಿಯು ನಮಗೆ ಚಹಾ ಕೊಟ್ಟು, ನಮ್ಮ ಕಾಲನ್ನು ತೋರಿಸಿ ಮಗನನ್ನು ಏನೋ ಕೇಳಿದಳು. ಅವನು ನಮ್ಮ ಮಗಳ ಕಡೆ ಕೈ ತೋರಿಸಿದನು. ಮುದುಕಿ ಅವಳ ಬೆನ್ನು ತಟ್ಟಿದಳು.

ಊರಿಗೆ ಬಂದ ಮೇಲೆ ಮಗಳು ಈಜು ಕಲಿಯಲು ಸೇರಿದ್ದಾಳೆ. ಶನಿವಾರಗಳಂದು ನಾವು ಜೊತೆಗೆ ಹೋಗಿ, ದಡದಲ್ಲಿ ಕುಳಿತು ಅವಳ ಬಟ್ಟೆ ಕಾಯುತ್ತೇವೆ.