ಒಂದು ವರ್ಷ ಹಿಂದಿ ಸೀಮೆಯಲ್ಲಿ

ನವೋದಯ ಶಾಲೆಯ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಐದನೇ ತರಗತಿಗೆ ಬಂದ ಕೂಡಲೇ ಮೇಷ್ಟ್ರು ಫಾರಂ ತುಂಬಿಸುತ್ತಾರೆ, ಗೈಡ್ ತರಿಸಿ ಲೆಕ್ಕ ಮಾಡಿಸುತ್ತಾರೆ. ಆದರೆ ಅಲ್ಲಿ ಸೀಟು ಸಿಕ್ಕವರಲ್ಲಿ ಕೆಲವರನ್ನು ಒಂಬತ್ತನೇ ತರಗತಿಯಲ್ಲಿ ಒಂದು ವರ್ಷ ಬೇರೆ ರಾಜ್ಯಕ್ಕೆ ಕಳಿಸುತ್ತಾರೆ ಎಂಬ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಾದ ಕೆಲವು ಮನೆಗಳಲ್ಲಿ ಹೆದರಿ ಪರೀಕ್ಷೆಯನ್ನೇ ಬರೆಸುವುದಿಲ್ಲ. ಈ ವರ್ಷ ನಮ್ಮ ಮನೆಯಲ್ಲೇ ಈ ಜಗಳ ನಡೆದಿದೆ. ನನ್ನ ತಂಗಿ ಐದನೇ ತರಗತಿ. ನಮ್ಮ ಅಜ್ಜಿ "ಹೆಣ್ಣು ಹುಡುಗೀನ ಅಷ್ಟು ದೂರ ಕಳಿಸಾಕ ನಾ ಬಿಡಂಗಿಲ್ಲ" ಅಂತ ಹಟ ಹಿಡಿದಿದ್ದಾಳೆ. ಅದಕ್ಕೆ ಹೋಗಿ ಬಂದವರನ್ನೇ ಕೇಳಿ ಬರೆದಿದ್ದೇನೆ. ಹೋಗಿ ಬಂದವನು ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ.

ಮೊದಲು ಈ ಶಾಲೆ ಹೇಗೆ ಬಂತು ಅನ್ನುವುದನ್ನು ಹೇಳುತ್ತೇನೆ. ರಾಜೀವ್ ಗಾಂಧಿಯವರು ಪ್ರಧಾನಿಯಾಗಿದ್ದಾಗ, 1985-86ರಲ್ಲಿ, ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ಶಾಲೆ ತೆರೆದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಜಿಲ್ಲೆಗೊಂದು ಇಂಥ ಶಾಲೆ ಬೇಕು ಎಂದು ಬರೆದರು. ಹಳ್ಳಿಯ ಮಕ್ಕಳಿಗೆ ಕಡಿಮೆ ಅಂದರೂ ನೂರಕ್ಕೆ 75 ಸೀಟು, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲಾ ಸರಕಾರದ್ದೇ. ನಮ್ಮ ಬಳ್ಳಾರಿ ಜಿಲ್ಲೆಯ ನವೋದಯ ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿ ಕಟ್ಟಿದರು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದಾಗ ಕೂಡ್ಲಿಗಿ ಆ ಕಡೆಗೆ ಹೋಯಿತು. ತಮಿಳುನಾಡು ಮಾತ್ರ ಹಿಂದಿಯ ಕಾರಣಕ್ಕೆ ಆಗ ಈ ಶಾಲೆಗಳನ್ನು ತೆಗೆದುಕೊಳ್ಳಲಿಲ್ಲ.

ಈಗ ಮುಖ್ಯ ವಿಷಯ. ಒಂಬತ್ತನೇ ತರಗತಿಯ ನೂರು ಮಕ್ಕಳಲ್ಲಿ ಮೂವತ್ತು ಮಂದಿಯನ್ನು ಒಂದು ಶೈಕ್ಷಣಿಕ ವರ್ಷ ಅದಲುಬದಲು ಮಾಡಬೇಕೆಂಬುದು ನಿಯಮ. ಇದಕ್ಕೆ ಮೈಗ್ರೇಶನ್ ಅನ್ನುತ್ತಾರೆ. ನಮ್ಮ ಕಡೆಯವರು ಹಿಂದಿ ಮಾತಾಡುವ ಜಿಲ್ಲೆಗೆ, ಅಲ್ಲಿಯವರು ನಮ್ಮ ಕಡೆಗೆ. ಸುಗ್ಗಿಗೆ ಮುಯ್ಯಾಳು ಹೋದಂತೆ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಪುಸ್ತಕ ಎರಡೂ ಕಡೆ ಒಂದೇ, ಸಿ.ಬಿ.ಎಸ್.ಇ. ಪಾಠ. ಆದ್ದರಿಂದ ಪಾಠ ತಪ್ಪುತ್ತದೆ ಎಂಬ ಭಯ ಬೇಡ. ಕರೆದುಕೊಂಡು ಹೋಗಲು ಮೇಷ್ಟ್ರು ಜೊತೆಗಿರುತ್ತಾರೆ, ರೈಲು ಖರ್ಚು ಕೂಡ ಮನೆಯವರದಲ್ಲ.

ಅಣ್ಣ ಹೋದದ್ದು ಉತ್ತರ ಪ್ರದೇಶಕ್ಕೆ. ಗುಂತಕಲ್ಲಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿ ಮುಟ್ಟಲು ಸುಮಾರು ಒಂದೂವರೆ ದಿನ. ಅಲ್ಲಿಂದ ಮುಂದೆ ಬಸ್ಸು. ಸೊಲ್ಲಾಪುರ ದಾಟುವವರೆಗೆ ಎಲ್ಲರೂ ಹಾಡು, ಅಂತ್ಯಾಕ್ಷರಿ. ಆಮೇಲೆ ಸ್ಟೇಷನ್ನಿನ ಬೋರ್ಡುಗಳಲ್ಲಿ ನಮ್ಮ ಅಕ್ಷರ ಒಂದೂ ಕಾಣದೆ ಸುಮ್ಮನಾದರಂತೆ.

ಆರನೇ ತರಗತಿಯಿಂದ ಹಿಂದಿ ಓದಿದ್ದನಲ್ಲ, ಏನು ಕಷ್ಟ ಎಂದು ನಾನು ಕೇಳಿದೆ. "ಪುಸ್ತಕದ ಹಿಂದಿ ಬ್ಯಾರೆ, ಮಾತಾಡೋ ಹಿಂದಿ ಬ್ಯಾರೆ" ಅಂದ. ಮೊದಲ ದಿನ ಅಲ್ಲಿಯ ಹುಡುಗನೊಬ್ಬ "ಕ್ಯಾ ಹಾಲ್ ಹೈ?" ಎಂದು ಕೇಳಿದನಂತೆ. ಅಂದರೆ ಹೇಗಿದ್ದೀಯಾ ಅಂತ. ನಮ್ಮಣ್ಣನ ಪಕ್ಕದಲ್ಲಿದ್ದ ನಮ್ಮ ಕಡೆಯ ಹುಡುಗ ಹಾಲಿನ ವಿಷಯ ಅಂದುಕೊಂಡು ಬೆಳಿಗ್ಗೆ ಒಂದು ಲೋಟ ಕುಡಿದೆ ಅಂತ ಉತ್ತರ ಕೊಟ್ಟ! ಇನ್ನೊಂದು ಮೋಜು ಏನೆಂದರೆ ಹಿಂದಿಯಲ್ಲಿ "ಕಲ್" ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. "ಪರಸೋಂ" ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಯಾವುದು ಎಂಬುದನ್ನು ಕ್ರಿಯಾಪದ ನೋಡಿ ತಿಳಿಯಬೇಕು. ಮಾತು ಪೂರ್ತಿ ಮುಗಿಯುವ ತನಕ ಕಾಯಬೇಕು, ನಡುವೆ ಬಾಯಿ ಹಾಕಿದರೆ ಕೆಟ್ಟಿತು.

ಎಲ್ಲಕ್ಕಿಂತ ಕಷ್ಟ ಲಿಂಗ. ಕನ್ನಡದಲ್ಲಿ ರೊಟ್ಟಿ, ಬಾಗಿಲು, ಪುಸ್ತಕ, ನೀರು ಎಲ್ಲವೂ "ಅದು". ಹಿಂದಿಯಲ್ಲಿ ನಪುಂಸಕ ಲಿಂಗವೇ ಇಲ್ಲ. ರೋಟಿ ಹೆಣ್ಣು, ದರ್ವಾಜಾ ಗಂಡು, ಕಿತಾಬ್ ಹೆಣ್ಣು, ಪಾನಿ ಗಂಡು. "ರೋಟಿ ಅಚ್ಛಾ ಹೈ" ಎಂದರೆ ಊಟದ ಸಾಲು ಪೂರ್ತಿ ನಗುತ್ತದೆ, "ಅಚ್ಛೀ ಹೈ" ಅನ್ನಬೇಕು. ರೊಟ್ಟಿ ಯಾಕೆ ಹೆಣ್ಣು ಎಂದು ಕೇಳಿದರೆ ಅಲ್ಲಿಯವರಿಗೂ ಗೊತ್ತಿಲ್ಲ. ಇದು ನನಗೆ ಬಹಳ ಸೇರಿತು. ಮಾತು ಬರುವವರಿಗೆ ನಿಯಮ ಬರಬೇಕೆಂದಿಲ್ಲ.

ನಮ್ಮಲ್ಲಿ ನೀನು, ನೀವು ಎರಡೇ. ಅಲ್ಲಿ ತೂ, ತುಮ್, ಆಪ್ ಅಂತ ಮೂರು. ಮೇಷ್ಟ್ರಿಗೆ "ತುಮ್" ಅಂದರೆ ಮರ್ಯಾದೆ ಕಳೆದಂತೆ. ಈ ಮಾತು ಹೇಳುವಾಗ ನಮ್ಮ ಸಮಾಜದ ಮೇಷ್ಟ್ರು ಸ್ವೀಡನ್ ದೇಶದ ವಿಷಯ ಹೇಳಿದರು. ಅಲ್ಲಿ 1960ರ ದಶಕದ ಕೊನೆಗೆ ಜನರು ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರಿಗೂ "ದೂ", ಅಂದರೆ "ನೀನು", ಎನ್ನುವುದನ್ನು ರೂಢಿ ಮಾಡಿಕೊಂಡರಂತೆ. ಮಕ್ಕಳು ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುತ್ತಾರೆ! ಎರಡನೇ ಮಹಾಯುದ್ಧ ಮುಗಿದ ಮೇಲೆ ಯುದ್ಧದಲ್ಲಿ ಆಂಬುಲೆನ್ಸ್ ಓಡಿಸಿದ್ದ ಅಮೆರಿಕದವರು ಎ.ಎಫ್.ಎಸ್. ಎಂಬ ಸಂಸ್ಥೆಯಿಂದ ಬೇರೆ ಬೇರೆ ದೇಶಗಳ ಹೈಸ್ಕೂಲ್ ಮಕ್ಕಳನ್ನು ಹೀಗೇ ಅದಲುಬದಲು ಮಾಡಲು ಶುರು ಮಾಡಿದರು. ನಮ್ಮ ಬಿಸಿಲಿನ ಹುಡುಗರು ಸ್ವೀಡನ್ನಿಗೆ ಹೋದರೆ ಹೇಗಿರುತ್ತದೋ! ಡಿಸೆಂಬರಿನಲ್ಲಿ ಅಲ್ಲಿಯ ಉತ್ತರದ ಕಿರುನಾ ಊರಿನಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ಒಂದು ಮಾತ್ರ ನಮ್ಮಂತೆಯೇ. ಅಲ್ಲೂ ಶಾಲೆಯಲ್ಲಿ ಎಲ್ಲರಿಗೂ ಮಧ್ಯಾಹ್ನದ ಊಟ ಪುಕ್ಕಟೆ.

ಉತ್ತರ ಪ್ರದೇಶದ ಚಳಿಯೂ ಕಡಿಮೆ ಅಲ್ಲ. ಜನವರಿಯಲ್ಲಿ ಮಂಜು ಬಿದ್ದರೆ ಹತ್ತು ಗಂಟೆ ಆದರೂ ಎದುರಿನ ಕಟ್ಟಡ ಕಾಣುವುದಿಲ್ಲ. ನಮಗೆ ಸ್ವೆಟರ್ ಅಂದರೆ ಗೊತ್ತು, ರಜಾಯಿ ಅಂದರೆ ಗೊತ್ತಿಲ್ಲ. ಅದು ಹತ್ತಿ ತುಂಬಿದ ದಪ್ಪ ಹೊದಿಕೆ. ಊಟಕ್ಕೆ ದಿನಾ ಗೋಧಿ ರೊಟ್ಟಿ, ಪಲ್ಯಕ್ಕೆ ಸಾಸಿವೆ ಎಣ್ಣೆ. ಮೊದಲು ಅದರ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತಂತೆ. ಸುತ್ತ ಭತ್ತದ ಗದ್ದೆ ಇರುವ ಸಿರುಗುಪ್ಪದವನಿಗೆ ಎರಡು ಹೊತ್ತು ಅನ್ನ ಇಲ್ಲದಿದ್ದರೆ ಹೇಗೆ? "ಒಗ್ಗರಣಿ, ಮಿರ್ಚಿ ಕನಸಿನ್ಯಾಗ ಬರ್ತಿದ್ವು" ಎಂದ.

ಎರಡನೇ ತಿಂಗಳು ಬಹಳ ಕೆಟ್ಟದ್ದು. ಮೊದಲ ತಿಂಗಳು ಹೊಸದರ ಖುಷಿ ಇರುತ್ತದೆ. ಗಣೇಶನ ಹಬ್ಬ ಬಂತು, ಊರಿನಲ್ಲಿ ಡೊಳ್ಳು ಬಡಿಯುತ್ತಿರುತ್ತಾರೆ, ಇಲ್ಲಿ ಮಾಮೂಲಿ ಕ್ಲಾಸು ಎಂದು ನೆನೆದು ರಾತ್ರಿ ಅತ್ತನಂತೆ. ಮೊಬೈಲ್ ಮಕ್ಕಳ ಕೈಯಲ್ಲಿ ಇರುವುದಿಲ್ಲ, ಗೊತ್ತಾದ ದಿನ ಮಾತ್ರ ಮನೆಗೆ ಫೋನು. ದೊಡ್ಡಮ್ಮ ಫೋನಿನಲ್ಲಿ ಅತ್ತರೆ ಇವನು ನಕ್ಕು ಮಾತಾಡಿ, ಇಟ್ಟ ಮೇಲೆ ತಾನು ಅಳುತ್ತಿದ್ದ. ಅವನಿಗೆ ಸಮಾಧಾನ ಆದದ್ದು ಹೇಗೆಂದರೆ, ಅಲ್ಲಿಯ ಕನ್ನಡ ಪಿರಿಯಡ್ಡಿನಿಂದ. ಹೌದು, ಉತ್ತರ ಪ್ರದೇಶದಲ್ಲಿ ಕನ್ನಡ! ಯಾವ ರಾಜ್ಯದ ಜೊತೆ ಅದಲುಬದಲು ಇದೆಯೋ ಆ ರಾಜ್ಯದ ಭಾಷೆಯನ್ನು ಅಲ್ಲಿಯ ಮಕ್ಕಳು ಮೂರನೇ ಭಾಷೆಯಾಗಿ ಕಲಿಯಬೇಕು. ಅವರ ಅಕ್ಷರಗಳು ಗೆರೆಗೆ ನೇತುಬಿದ್ದಿರುತ್ತವೆ, ನಮ್ಮವು ಗುಂಡಗೆ, ಒತ್ತಕ್ಷರ ಕೆಳಗೆ. ಅಲ್ಲಿಯ ಹುಡುಗರಿಗೆ "ಳ" ಬಾಯಿಗೆ ಬರುವುದಿಲ್ಲ, ಬಾಳೆಹಣ್ಣಿಗೆ "ಬಾಲೆಹಣ್ಣು" ಅನ್ನುತ್ತಾರೆ. ಅಣ್ಣ ಅವರಿಗೆ ಒತ್ತಕ್ಷರ ಹೇಳಿಕೊಟ್ಟ, ಅವರು ಇವನಿಗೆ ರೋಟಿಯ ಲಿಂಗ ಹೇಳಿಕೊಟ್ಟರು. ನಾವೇ ಹಿಂದಿ ಕಲಿತು ಅವರು ಕನ್ನಡ ಕಲಿಯದಿದ್ದರೆ ನಾನು ಈ ಪದ್ಧತಿಯನ್ನು ಒಪ್ಪುತ್ತಿರಲಿಲ್ಲ.

ಹಿಂದಿ ಕಡೆಯಿಂದ ಇಲ್ಲಿಗೆ ಬಂದವರ ಪಾಡು ಬೇರೆ. ಅನ್ನ ಸಾರು ಕಲಸುವುದು ಹೇಗೆಂದು ತಿಳಿಯದೆ ಚಮಚ ಹುಡುಕುತ್ತಾರಂತೆ. ನಮ್ಮ ಬಿಸಿಲಿನ ವಿಷಯ ಹೇಳುವುದೇ ಬೇಡ.

ಅಜ್ಜಿ ಕೇಳಿದ ಪ್ರಶ್ನೆಗಳನ್ನು ಅಣ್ಣನಿಗೆ ಕೇಳಿದೆ. ಹೆಣ್ಣುಮಕ್ಕಳಿಗೆ ಬೇರೆ ಹಾಸ್ಟೆಲ್ ಇದೆ, ಅವನ ಬ್ಯಾಚಿನಲ್ಲಿ ನಮ್ಮ ಕಡೆಯ ಹುಡುಗಿಯರೂ ಹೋಗಿ ಬಂದರು. ಜ್ವರ ಬಂದರೆ ನೋಡಿಕೊಳ್ಳಲು ನರ್ಸ್ ಇದ್ದರು. ಅಜ್ಜಿ ಎಲ್ಲಾ ಕೇಳಿ, "ಮಜ್ಜಿಗಿ ಸಿಗತೈತೇನು?" ಎಂದಳು. ಸಿಗುತ್ತದೆ, ಅಲ್ಲಿ ಅದಕ್ಕೆ ಛಾಛ್ ಅನ್ನುತ್ತಾರೆ. ಹೂಂ ಎಂದಿಲ್ಲ, ಆದರೆ ಫಾರಂ ತುಂಬಲು ಬೇಡ ಎನ್ನಲಿಲ್ಲ.

ಆರನೇ ತರಗತಿಯ ಪರೀಕ್ಷೆ ಒಂದೇ ಸಲ, ಎರಡನೇ ಅವಕಾಶ ಇಲ್ಲ. ಎರಡು ತಾಸು, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಚಿತ್ರ ನೋಡಿ ಯೋಚಿಸುವವು, 20 ಗಣಿತ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು. ನಮ್ಮ ಏಳನೇ ತರಗತಿಯವರೂ ಬೇಸರ ಮಾಡಿಕೊಳ್ಳಬೇಡಿ. ಖಾಲಿ ಸೀಟುಗಳಿಗೆ ಒಂಬತ್ತನೇ ತರಗತಿಗೂ ಪರೀಕ್ಷೆ ಇದೆ, ಎಂಟನೇ ತರಗತಿಯಲ್ಲಿ ಇರುವಾಗ ಬರೆಯಬೇಕು. ನಾನು ಬರೆಯುತ್ತೇನೆ. ಜೊತೆಗೆ ಲೆಕ್ಕ ಮಾಡಲು ಬರುವವರು ಸಂಜೆ ಆಟದ ಪಿರಿಯಡ್ ಆದ ಮೇಲೆ ನನಗೆ ಹೇಳಿರಿ.